ಮಹಡಿಯಿಲ್ಲದ ಏಳು ಮೆಟ್ಟಿಲು

6 ಏಪ್ರಿಲ್ 1992, ಸೋಮವಾರ, ಶಿಕಾರಿಪುರ

ಸಮಸ್ತ ಲೋಕಕ್ಕೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಇಂದು ಬೆಳಗ್ಗೆ ಹತ್ತು ಗಂಟೆ ಹತ್ತು ನಿಮಿಷದ ಶುಭಗಳಿಗೆಯಲ್ಲಿ ಸೊರಬದ ಕುಮಾರಿ ರಕ್ಷಿತಾ ಆದ ನನಗೆ ಕೂರುವುದಕ್ಕೆ ಒಂದು ಸ್ಟೂಲು ಮಂಜೂರಾಗಿದೆ. ಅದಕ್ಕೆ ಮೂರು ಕಾಲು. ನಾಲ್ಕನೆಯದು ಇರಬೇಕಾದ ಜಾಗದಲ್ಲಿ ಎರಡು ಇಟ್ಟಿಗೆ. ಕಲಾವಿದರ ಜೀವನ ಹೀಗೇ ಆರಂಭವಾಗಬೇಕು ಎಂದು ನಾನು ನಂಬಿರುವುದರಿಂದ ಬೀಳದಂತೆ ಕೂತಿದ್ದೇನೆ.

ನಾನು ದಾವಣಗೆರೆಯಲ್ಲಿ ದೃಶ್ಯಕಲೆ ಓದುತ್ತಿದ್ದೇನೆ. ಇದು ಕೊನೇ ವರ್ಷ, ವಿಷಯ ಫೋಟೋಗ್ರಫಿ, ಪರೀಕ್ಷೆ ಜೂನ್ ಒಂದಕ್ಕೆ. ಪರೀಕ್ಷೆಗೆ ಬಿಡಬೇಕಾದರೆ ಎರಡು ತಿಂಗಳು ಒಂದು ಸ್ಟುಡಿಯೋದಲ್ಲಿ ಕೆಲಸ ಕಲಿತು, ಹನ್ನೆರಡು ಭಾವಚಿತ್ರ ತೆಗೆದು, ಮಾಲೀಕರಿಂದ ‘ತೃಪ್ತಿಕರ’ ಎಂದು ಬರೆಸಿಕೊಂಡು ಬರಬೇಕು. ಬರೆಸಿಕೊಳ್ಳದಿದ್ದರೆ ಇನ್ನೊಂದು ವರ್ಷ. ಇನ್ನೊಂದು ವರ್ಷ ಎಂಬ ಮಾತನ್ನು ಅಪ್ಪನ ಮುಂದೆ ಆಡುವ ಧೈರ್ಯ ಸೊರಬ ತಾಲೂಕಿನಲ್ಲಿ ಇನ್ನೂ ಯಾರಿಗೂ ಬಂದಿಲ್ಲ. ‘ಸುಣ್ಣ ಬಳಿಯೋನು ಒಂದೇ ದಿನದಲ್ಲಿ ಕಲೀತಾನೆ ಮಾರಾಯ್ತಿ, ನಿಂಗ್ಯಾಕೆ ನಾಲ್ಕು ವರ್ಷ’ ಎನ್ನುವವರು ಅವರು.

ನನ್ನ ಸಹಪಾಠಿಗಳೆಲ್ಲ ಬೆಂಗಳೂರಿನ ಜಾಹೀರಾತು ಕಂಪನಿ ಸೇರಿದರು. ನನಗೆ ಅಪ್ಪ ಕೊಟ್ಟ ಅನುಮತಿ ದೊಡ್ಡಮ್ಮನ ಕಣ್ಣು ಎಷ್ಟು ದೂರ ಕಾಣುತ್ತದೋ ಅಷ್ಟು ದೂರದ್ದು. ದೊಡ್ಡಮ್ಮ ರಾಜೇಶ್ವರಮ್ಮನ ಮನೆ ಶಿಕಾರಿಪುರದಲ್ಲಿ. ಆದ ಕಾರಣ ನಾನು ಮುಕ್ತಾರ್ ಅಹಮದ್ ಸಾಹೇಬರ ಸ್ಟುಡಿಯೋದಲ್ಲಿ.

ಸಾಹೇಬರು ಕಾಲೇಜಿನ ಕಾಗದ ಎರಡು ಸಲ ಓದಿ, ಮಡಚಿ ಜೇಬಿಗಿಟ್ಟರು.

‘ನಿಮ್ಮ ಮೇಷ್ಟ್ರು ಹನ್ನೆರಡು ಅಂದಾರೆ. ನಂದೂ ಹನ್ನೆರಡೇ ಬೇಟಿ. ಆದ್ರೆ ಗಿರಾಕಿ ಬಂದು ಎರಡನೇ ಕಾಪಿ ಕೇಳಿದ್ದು ಮಾತ್ರ ಲೆಕ್ಕ.’

‘ಮೊದಲನೇ ಕಾಪಿ?’

‘ಅದನ್ನ ಬೇಕಾಗೈತಿ ಅಂತ ಒಯ್ತಾರೆ. ಎರಡನೇದನ್ನ ಇಷ್ಟಪಟ್ಟು ಒಯ್ತಾರೆ. ಹನ್ನೆರಡು ಜನ ಇಷ್ಟಪಡ್ಲಿ, ನಾನೂ ತೃಪ್ತಿಪಡ್ತೀನಿ.’

ಹನ್ನೆರಡು ತಾನೇ. ವಾರದೊಳಗೆ ಮುಗಿಸಿ ಉಳಿದ ಏಳು ವಾರ ಏನು ಮಾಡುವುದು ಎಂಬುದೇ ಸದ್ಯದ ಚಿಂತೆ.

7 ಏಪ್ರಿಲ್, ಮಂಗಳವಾರ

ಇಂದು ಪರದೆಯ ದರ್ಶನವಾಯಿತು.

ಒಳಕೋಣೆಯ ಗೋಡೆಯಷ್ಟು ದೊಡ್ಡ ಬಟ್ಟೆ. ಅದರ ಮೇಲೆ ಬಣ್ಣದಲ್ಲಿ ಬರೆದ ಏಳು ಮೆಟ್ಟಿಲು, ಪಕ್ಕದಲ್ಲಿ ಕೆತ್ತನೆಯ ಕಟಾಂಜನ, ಮೇಲೆ ಒಂದು ಕಮಾನು. ಕಮಾನಿನ ಆಚೆ ಮೋಡ. ಮೆಟ್ಟಿಲು ಹತ್ತಿದವರು ನೇರವಾಗಿ ಮೋಡಕ್ಕೆ ಕಾಲಿಡಬೇಕು. ಮೂವತ್ತು ವರ್ಷದಿಂದ ಈ ಊರಿನ ಮದುವೆ ವಯಸ್ಸಿಗೆ ಬಂದ ಹುಡುಗಿಯರೆಲ್ಲ ಈ ಕಟಾಂಜನದ ಮೇಲೆ ಕೈಯಿಟ್ಟಂತೆ ನಿಂತು ಫೋಟೋ ತೆಗೆಸಿಕೊಂಡಿದ್ದಾರೆ. ದೊಡ್ಡಮ್ಮನೂ. ಅವಳ ಮದುವೆ ಫೋಟೋದಲ್ಲಿ ಇದ್ದ ಮೆಟ್ಟಿಲು ಯಾರ ಮನೆಯದು ಎಂದು ನಾನು ಚಿಕ್ಕವಳಿದ್ದಾಗ ಕೇಳಿ ಪೆಟ್ಟು ತಿಂದಿದ್ದೆ.

ನಮ್ಮ ಮೇಷ್ಟ್ರು ಇದನ್ನು ನೋಡಿದರೆ ಮೂರ್ಛೆ ಹೋಗುತ್ತಾರೆ. ಮುಖದ ಅರ್ಧ ಬೆಳಕಿನದು, ಅರ್ಧ ಕತ್ತಲೆಯದು, ಉಳಿದದ್ದೆಲ್ಲ ಅಲಂಕಾರ ಎನ್ನುವವರು ಅವರು. ನಾನೂ ಶಿಷ್ಯೆಯ ಕರ್ತವ್ಯವೆಂದು ಒಂದು ಕ್ಷಣ ಗೋಡೆ ಹಿಡಿದುಕೊಂಡೆ.

ಹಿಂದಿನ ಕೋಣೆಯ ಕಿಟಕಿಯ ಹತ್ತಿರ ಸಾಹೇಬರ ಅಕ್ಕ ಸರ್ವರ್ ಬೀ ಕೂರುತ್ತಾರೆ. ಸೂಜಿಯಂತೆ ಚೂಪು ಮಾಡಿದ ಪೆನ್ಸಿಲಿನಿಂದ ನೆಗೆಟಿವ್ ಮೇಲೆ ಚುಕ್ಕಿಯಿಟ್ಟು ತಾಲೂಕಿನ ಮುಖಗಳನ್ನು ಚಂದ ಮಾಡುವುದು ಅವರ ಕೆಲಸ.

‘ಗುಳ್ಳೆ ತೆಗೀತೀನಿ, ಮಚ್ಚೆ ತೆಗೆಯಲ್ಲ’ ಎಂದರು ಕನ್ನಡಕದ ಮೇಲಿಂದ ನೋಡಿ. ‘ಗುಳ್ಳೆ ನೆಂಟ್ರು. ಮಚ್ಚೆ ಮನೆಯೋರು.’

13 ಏಪ್ರಿಲ್, ಸೋಮವಾರ

ಬಳೆ ಅಂಗಡಿ ಲೋಕಮ್ಮನವರ ಭಾವಚಿತ್ರ ತೆಗೆದೆ. ಎಡಗಡೆ ಬೆಳಕು, ಬಲಗಡೆ ಆಳವಾದ ಕತ್ತಲೆ. ಮುದ್ರಿಸಿದಾಗ ನನಗೇ ರೋಮಾಂಚನವಾಯಿತು. ಲೋಕಮ್ಮನವರಿಗೂ ಆಯಿತು, ಬೇರೆ ಥರದ್ದು.

‘ಇನ್ನೊಂದು ಕೆನ್ನೆ ಎಲ್ಲೈತವ್ವ?’

‘ಅದು ನೆರಳಿನಲ್ಲಿದೆ. ನೋಡುವವರು ಊಹಿಸಿಕೊಳ್ಳಬೇಕು.’

‘ನನ್ನ ಕೆನ್ನೆ ಊಹಿಸ್ಕಳಕೆ ಅವರ್ಯಾರು?’

ಮೂಗುತಿ ಕತ್ತಲೆಯ ಕಡೆಗಿತ್ತಂತೆ. ಮೂಗುತಿಗಾಗಿಯೇ ಬಂದಿದ್ದರಂತೆ. ಸಾಹೇಬರು ಅವರನ್ನು ಮೆಟ್ಟಿಲ ಮುಂದೆ ನಿಲ್ಲಿಸಿ ಇನ್ನೊಂದು ತೆಗೆದರು. ಎರಡು ಕೆನ್ನೆ, ಎರಡು ಕಿವಿ, ಮೂಗುತಿ. ಮೂರು ಕಾಪಿ.

ನನ್ನ ಎರಡನೇ ಕಾಪಿ: ಸೊನ್ನೆ.

18 ಏಪ್ರಿಲ್, ಶನಿವಾರ

ಅಂಜನಾಪುರದ ಉಜ್ಜಪ್ಪ ಎಂಬುವರು ಹೊಸದಾಗಿ ಕೊಂಡ ಔಷಧಿ ಹೊಡೆಯುವ ಪಂಪನ್ನು ಬೆನ್ನಿಗೆ ಹಾಕಿಕೊಂಡು ಬಂದಿದ್ದರು. ನಾನು ಅವರ ಕೈಗಳನ್ನು ಮಾತ್ರ ತೆಗೆದೆ. ನೆಲದಂತೆ ಬಿರುಕು ಬಿಟ್ಟ ಕೈ. ಅವರು ಫೋಟೋ ತಿರುಗಿಸಿ ತಿರುಗಿಸಿ ನೋಡಿ, ‘ಇದು ಯಾರ್ದಾದ್ರೂ ಕೈ ಆಗಬೌದು’ ಎಂದು ಅಲ್ಲೇ ಬಿಟ್ಟು ಹೋದರು. ಮೊದಲನೇ ಕಾಪಿಯೂ ಬೇಡವಾದ ದಾಖಲೆ ಸ್ಟುಡಿಯೋದ ಇತಿಹಾಸದಲ್ಲಿ ಇದೇ ಮೊದಲಂತೆ. ಇತಿಹಾಸ ಸೇರಿದ್ದೇನೆ.

22 ಏಪ್ರಿಲ್, ಬುಧವಾರ

ಸಾಹೇಬರು ಫೋಟೋ ಪೇಪರು, ಅದನ್ನು ತೊಳೆಯುವ ಔಷಧಿ ತರಲು ದಾವಣಗೆರೆಗೆ ಹೋಗಿದ್ದಾರೆ. ನಾಳೆ ಸಂಜೆಯವರೆಗೆ ಈ ಸಾಮ್ರಾಜ್ಯ ನನ್ನದು. ನನ್ನ ಮೊದಲ ರಾಜಾಜ್ಞೆ ಪರದೆಯನ್ನು ಸುತ್ತಿ ಮೂಲೆಗೆ ನಿಲ್ಲಿಸುವುದಾಗಿತ್ತು. ಅದನ್ನು ನಾನೇ ಹೊರಡಿಸಿ ನಾನೇ ಪಾಲಿಸಿದೆ.

ಹನ್ನೊಂದು ಗಂಟೆಗೆ ಹೊಲಿಗೆ ಕಲಿಸುವ ಚೈತ್ರಶ್ರೀ ತನ್ನ ತಾಯಿಯ ಜೊತೆ ಬಂದಳು. ಸೊರಬದ ಕಡೆಯ ಗಂಡಿನ ಮನೆಗೆ ಕಳಿಸಲು ಫೋಟೋ ಬೇಕಿತ್ತು. ತಾಯಿ ಬಾಗಿಲಲ್ಲಿ ಯಾರ ಜೊತೆಗೋ ಮಾತಿಗೆ ನಿಂತರು. ನಾನು ಹುಡುಗಿಯನ್ನು ಹಿಂದಿನ ಕೋಣೆಗೆ ಕರೆದೊಯ್ದು ಕಿಟಕಿಯ ಹತ್ತಿರ ಕೂರಿಸಿದೆ. ಲೋಕಮ್ಮನವರ ನೆನಪಾಗಿ ಎರಡು ಕೆನ್ನೆಗೂ ಬೆಳಕು ಬೀಳುವಂತೆ ನೋಡಿಕೊಂಡೆ. ಕಲೆಗೆ ಸ್ವಲ್ಪ ದ್ರೋಹ, ಆದರೂ ಇರಲಿ. ಕ್ಲಿಕ್ ಮಾಡುವ ಹೊತ್ತಿಗೆ ಸರ್ವರ್ ಬೀ, ‘ನಿನ್ನ ಮುಖದಾಗೆ ನಂಗೆ ಕೆಲಸಾನೇ ಇಲ್ವಲ್ಲೇ, ನನ್ನ ಹೊಟ್ಟೆ ಮೇಲೆ ಹೊಡೀತೀಯಾ’ ಎಂದರು. ಅವಳು ನಕ್ಕಳು. ನಾನು ಒತ್ತಿದೆ.

ಸಂಜೆಗೆ ಮುದ್ರಿಸಿ ಲಕೋಟೆಗೆ ಹಾಕಿ ಕೊಟ್ಟೆ. ತಾಯಿ ಲಕೋಟೆ ಒಡೆಯದೆಯೇ ಮದುವೆ ದಲ್ಲಾಳಿಯ ಕೈಗಿತ್ತರು.

2 ಮೇ, ಶನಿವಾರ

ಇಂದಿನ ಘಟನೆಯನ್ನು ಕ್ರಮವಾಗಿ ಬರೆಯುತ್ತೇನೆ. ಭಯಪಡಬೇಕೋ ನಗಬೇಕೋ ಇನ್ನೂ ಗೊತ್ತಿಲ್ಲ.

ಗಂಡಿನ ತಂದೆ ಶಾಂತವೀರಪ್ಪನವರು ಸೊರಬದ ಬಸ್ಸಿನಲ್ಲಿ ಖುದ್ದು ಬಂದರು. ಫೋಟೋದ ಹಿಂದಿನ ಸ್ಟುಡಿಯೋ ಮೊಹರು ನೋಡಿ ವಿಚಾರಿಸಿಕೊಂಡು ಬಂದದ್ದಂತೆ. ಮುಂದಿನ ಕೋಣೆಯ ಬೆಂಚಿನ ಮೇಲೆ ಐದು ಹುಡುಗಿಯರ ಫೋಟೋ ಇಸ್ಪೀಟಿನಂತೆ ಹರಡಿದರು. ಐದನೆಯದು ಚೈತ್ರಶ್ರೀಯದು.

‘ಸಾಹೇಬ್ರೆ, ನೀವು ಮನೆಮನೆಗೆ ಹೋಗಿ ಫೋಟೋ ತೆಗೆಯೋರು. ನಿಮಗೆ ಗೊತ್ತಿರ್ತದೆ. ಈ ನಾಲ್ಕು ಹುಡುಗೀರ ಮನೇಲಿ ಮಹಡಿ ಮೆಟ್ಟಿಲಿದೆ. ಇವಳ ಮನೇಲಿ ಯಾಕಿಲ್ಲ?’

ಸಾಹೇಬರ ಮುಖದ ಒಂದು ನರವೂ ಅಲ್ಲಾಡಲಿಲ್ಲ. ‘ನಾಲ್ಕು ಮೆಟ್ಟಿಲೂ ಒಂದೇ ಥರ ಕಾಣ್ತಾವಲ್ಲ ಅಂತ ಅನ್ನಿಸ್ಲಿಲ್ವಾ ನಿಮಗೆ?’

‘ಅನ್ನಿಸ್ತು. ಶಿಕಾರಿಪುರಕ್ಕೆಲ್ಲ ಒಬ್ಬನೇ ಮೇಸ್ತ್ರಿ ಇರಬೇಕು ಅಂದ್ಕಂಡೆ. ನಮ್ಮನೆಯವಳೂ ಇದೇ ಊರೋಳು. ಅವಳ ಫೋಟೋದಲ್ಲೂ ಇದೇ ಮೆಟ್ಟಿಲು. ಮದುವೆಯಾಗಿ ಮಾವನ ಮನೆಗೆ ಬಂದು ನೋಡಿದ್ರೆ ಮೆಟ್ಟಿಲೂ ಇಲ್ಲ, ಮಹಡಿಯೂ ಇಲ್ಲ. ಕೇಳಿದೆ. ಆ ವರ್ಷದ ಮಳೆಗೆ ಬಿದ್ದೋತು ಅಂದ್ರು.’

‘ಹೌದೌದು’ ಎಂದರು ಸಾಹೇಬರು ದುಃಖದಿಂದ. ‘ಆ ವರ್ಷ ಮಳೆ ಜೋರಿತ್ತು.’

ನಾನು ಬಾಯಿಗೆ ಸೆರಗು ತುರುಕಿಕೊಂಡೆ. ಅಷ್ಟರಲ್ಲಿ ಶಾಂತವೀರಪ್ಪನವರು ಎದ್ದು, ‘ಒಳಗೆ ಒಂಚೂರು ನೀರು ಕುಡೀತೀನಿ’ ಎಂದು ಒಳಕೋಣೆಯ ಕಡೆ ಹೊರಟರು. ಅಲ್ಲಿ ಏಳು ಮೆಟ್ಟಿಲೂ ಹಾಡುಹಗಲಲ್ಲಿ ತೂಗಾಡುತ್ತಿದ್ದವು. ಅವರು ಇನ್ನು ಎರಡು ಹೆಜ್ಜೆ ಇಟ್ಟಿದ್ದರೆ ನಾಲ್ಕು ಹುಡುಗಿಯರ ಮಹಡಿ ಒಟ್ಟಿಗೆ ಕುಸಿದು, ಅವರ ಮಾವನ ಮಹಡಿ ಎರಡನೇ ಸಲ ಬೀಳುತ್ತಿತ್ತು. ಸಾಹೇಬರು ಬಾಗಿಲಿಗೆ ಅಡ್ಡ ನಿಂತು, ‘ನೀರು ಇಲ್ಲಿಗೇ ಬರುತ್ತೆ, ಕೂತ್ಕಳ್ರಿ’ ಎಂದರು. ನಾನು ಸಾಹೇಬರ ಹಿಂದಿನಿಂದ ಒಳಗೆ ಓಡಿ ಹೋಗಿ ಪರದೆ ಸುತ್ತಿ, ಬೆವರು ಒರೆಸಿ, ಚೊಂಬಿನಲ್ಲಿ ನೀರು ತಂದೆ.

ನೀರು ಕುಡಿದು ಅವರು ಮತ್ತೆ ಕೇಳಿದರು. ‘ಹಾಗಾದ್ರೆ ಈ ಹುಡುಗಿ ಮನೇಲಿ ಏನಿದೆ?’

ಹಿಂದಿನ ಕೋಣೆಯಿಂದ ಸರ್ವರ್ ಬೀ ಹೇಳಿದರು, ‘ಕಿಟಕಿ ಐತ್ರಿ.’

‘ಕಿಟಕಿ ಎಲ್ಲರ ಮನೇಲೂ ಇರ್ತದೆ’ ಎಂದು ಶಾಂತವೀರಪ್ಪನವರು ಐದನೇ ಫೋಟೋವನ್ನು ಬೆಂಚಿನ ಮೇಲೆ ಬಿಟ್ಟು ಬಸ್ಸಿಗೆ ಹೋದರು.

ಮಧ್ಯಾಹ್ನ ಸುದ್ದಿ ತಿಳಿದ ಚೈತ್ರಶ್ರೀಯ ತಾಯಿ ಬಂದರು. ‘ಲಕ್ಷಣವಾಗಿ ಮೆಟ್ಟಿಲ ಮುಂದೆ ನಿಲ್ಸೋದು ಬಿಟ್ಟು ಕಿಟಕಿ ಸರಳಿನ ಹತ್ರ ಕೂರಿಸೀರಿ. ನನ್ನ ಮಗಳು ಜೈಲಿನಾಗೆ ಇದ್ದಂಗೆ ಕಾಣ್ತಾಳೆ.’

ಅವರು ಹೋದ ಮೇಲೆ ಸಾಹೇಬರು ಪರದೆ ಬಿಚ್ಚಿ ತೂಗುಹಾಕಿ ಧೂಳು ಒರೆಸಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

‘ಇದು ಬಟ್ಟೆ ಅಂತ ನಂಗೆ ಗೊತ್ತು, ನಿಂಗೆ ಗೊತ್ತು, ನಿಂತ್ಕಳೋ ಹುಡುಗೀಗೂ ಗೊತ್ತು. ಗೊತ್ತಿಲ್ಲದೇ ಇರೋದು ಸೊರಬದೋರಿಗೆ ಮಾತ್ರ.’

ನಾನು ಸೊರಬದವಳು ಎಂಬುದನ್ನು ನೆನಪಿಸಲು ಅದು ಸಮಯವಲ್ಲ ಎನಿಸಿತು. ಎರಡನೇ ಕಾಪಿ ಸೊನ್ನೆ. ಉಳಿದಿರುವುದು ನಾಲ್ಕು ವಾರ.

4 ಮೇ, ಸೋಮವಾರ

ಬಂತು. ಒಂದು.

ಬಾಗಿಲು ತೆಗೆಯುವ ಮೊದಲೇ ಚೈತ್ರಶ್ರೀ ಒಬ್ಬಳೇ ಬಂದು ನಿಂತಿದ್ದಳು. ಅವಳೂ ಬೈಯಲು ಬಂದಿದ್ದಾಳೆಂದು ನಾನು ಸರ್ವರ್ ಬೀ ಹಿಂದೆ ಸರಿದೆ.

‘ಆ ಕಿಟಕಿ ಫೋಟೋ ಇನ್ನೊಂದು ಹಾಕಿಕೊಡ್ರಿ.’

‘ಯಾರ ಮನೆಗೆ ಕಳಿಸಕೆ?’ ಎಂದರು ಸಾಹೇಬರು.

‘ಯಾರ ಮನೀಗೂ ಅಲ್ಲ. ಬೆಂಚಿನ ಮ್ಯಾಲೆ ಬಿಟ್ಟು ಹೋಗಿದ್ದನ್ನ ಅಮ್ಮ ಸಿಟ್ಟಿಗೆ ಹರಿದು ಹಾಕಿದ್ಲು. ನನಗೆ ಬೇಕು.’ ಆಮೇಲೆ ಪರದೆಯ ಕಡೆ ತಿರುಗಿ, ‘ಮೂರು ಸಲ ಈ ಮೆಟ್ಟಿಲ ಮುಂದೆ ನಿಂತೀನಿ ಸಾಹೇಬ್ರೆ. ಮ್ಯಾಲೆ ಏನೂ ಇಲ್ಲ ಅಂತ ಚೆನ್ನಾಗಿ ಗೊತ್ತಾಗೇತಿ’ ಎಂದಳು.

ಸಾಹೇಬರು ಡೈರಿಯಲ್ಲಿ ಒಂದು ಗೀಟು ಎಳೆದರು. ಆ ಗೀಟನ್ನು ನಾನು ಹತ್ತಿರದಿಂದ, ದೂರದಿಂದ, ಪಕ್ಕದಿಂದ ನೋಡಿದೆ. ಎಲ್ಲ ಕೋನದಲ್ಲೂ ಅತಿ ಸುಂದರ.

10 ಮೇ, ಭಾನುವಾರ, ಸೊರಬ

ಊರಿಗೆ ಬಂದಿದ್ದೇನೆ. ಕ್ಯಾಮೆರಾ ಕೈಯಲ್ಲಿದೆ ಎಂದು ಗುಡವಿಯ ಪಕ್ಷಿಧಾಮಕ್ಕೆ ಹೋದೆ. ನನ್ನ ಮೇಲೆ ಭರವಸೆಯಿಲ್ಲದ ಅಪ್ಪನೂ ಬಂದರು. ಹಕ್ಕಿಗಳು ಗುಂಪುಗುಂಪಾಗಿ ಬರುವುದು ಮಳೆ ಹಿಡಿದ ಮೇಲೆ. ನಾವು ಹೋದದ್ದು ಮೇ ತಿಂಗಳಲ್ಲಿ. ದೂರದಲ್ಲಿ ಬೆಳ್ಳಗೆ ಏನೋ ಒಂದಿತ್ತು. ಅದನ್ನು ಹಿಡಿಯಬೇಕು ಅನ್ನುವಷ್ಟರಲ್ಲಿ ಅಪ್ಪ ಶಲ್ಯ ಸರಿಮಾಡಿಕೊಂಡು ಅಡ್ಡ ನಿಂತು ಕೆಮ್ಮಿದರು. ತೆಗೆದೆ.

‘ನಮ್ಮಂಗಡಿಗೊಂದು ಮನೆಗೊಂದು, ಎರಡು ಹಾಕಿಸು’ ಎಂದರು.

(ಸಾಹೇಬರ ತೀರ್ಪು, 12ರಂದು: ‘ಸ್ವಂತ ಅಪ್ಪ ಲೆಕ್ಕಕ್ಕಿಲ್ಲ.’)

19 ಮೇ, ಮಂಗಳವಾರ

ಬರೆಯಲು ಬಿಡುವಿಲ್ಲ. ಚೈತ್ರಶ್ರೀ ಫೋಟೋವನ್ನು ಹೊಲಿಗೆ ಕ್ಲಾಸಿನ ಗೋಡೆಗೆ ಹಾಕಿದ್ದಾಳಂತೆ. ಹೊಲಿಗೆ ಕಲಿಯುವವರೆಲ್ಲ ಸಾಲಾಗಿ ಬಂದು, ‘ಅಕ್ಕಾರ ಕಿಟಕಿ ನಮಗೂ’ ಎನ್ನುತ್ತಿದ್ದಾರೆ. ಸರ್ವರ್ ಬೀ ತಮ್ಮ ಮೇಜನ್ನು ಒಂದು ಮೊಳ ಸರಿಸಿ ಜಾಗ ಬಿಟ್ಟುಕೊಟ್ಟು, ನಗಿಸುವ ಖಾತೆಯನ್ನು ವಹಿಸಿಕೊಂಡಿದ್ದಾರೆ.

ಉಜ್ಜಪ್ಪನವರು ಮತ್ತೆ ಬಂದಿದ್ದರು. ‘ಹೆಂಗೆ ಬೇಕು ಹೇಳ್ರಿ’ ಎಂದೆ. ಪಂಪು ಪೂರ್ತಿ ಬರಬೇಕು, ಅದರ ಮೂತಿ ಬರಬೇಕು, ತಾವೂ ಬರಬೇಕು ಎಂದರು. ಬಿಸಿಲಿಗೆ ನಿಲ್ಲಿಸಿ ನೀರು ತುಂಬಿಸಿ ಚಿಮ್ಮಿಸಿದೆವು. ಹನಿಹನಿಯೂ ಬಂದಿದೆ. ಮೂರು ಕಾಪಿ. ಮೇಷ್ಟ್ರಿಗೆ ಇದರಲ್ಲಿ ನೆರಳು ಎಲ್ಲಿದೆ ಎಂದು ತೋರಿಸಬೇಕಾಗುತ್ತದೆ. ಪಂಪಿನ ಕೆಳಗೆ ಸ್ವಲ್ಪ ಇದೆ.

ಒಂಬತ್ತು.

25 ಮೇ, ಸೋಮವಾರ

ಹನ್ನೊಂದು. ಇನ್ನೊಂದು ಸಿಕ್ಕರೆ ಶನಿವಾರ ಸಹಿ, ಸೋಮವಾರ ಪರೀಕ್ಷೆ. ನಾಳೆ ಯಾರಾದರೊಬ್ಬ ಹುಡುಗಿಯನ್ನು ಕಿಟಕಿಯ ಬಳಿ ಕೂರಿಸಿದರೆ ಮುಗಿಯಿತು.

ಇಂದು ಬಳ್ಳಿಗಾವಿಯಿಂದ ದ್ಯಾಮಮ್ಮ ಎಂಬ ಅಜ್ಜಿ ಪಿಂಚಣಿ ಅರ್ಜಿಗೆ ಸಣ್ಣ ಫೋಟೋ ಬೇಕೆಂದು ಬಂದಿತ್ತು. ಎಪ್ಪತ್ತು ದಾಟಿದೆ. ಫೋಟೋ ತೆಗೆಸುತ್ತಿರುವುದು ಇದೇ ಮೊದಲು. ಕಿಟಕಿಗೆ ಕರೆದೆ. ಬರಲಿಲ್ಲ. ಪರದೆಯ ಮುಂದೆ ನಿಂತು ಮೆಟ್ಟಿಲು ಎಣಿಸುತ್ತಿತ್ತು.

‘ಇದು ಯಾರ ಮನೀದವ್ವ?’

‘ಬಟ್ಟೆ ಅಜ್ಜಿ. ಬರೆದದ್ದು.’

‘ಅರಿವಿ ಅಂತ ಕಾಣ್ತೈತಿ ಬಿಡು. ನಾ ಏನ್ ಕುರುಡಿಯಾ.’ ಅಜ್ಜಿ ಚಪ್ಪಲಿ ಬಿಟ್ಟಿತು. ಸೀರೆಯ ನಿರಿಗೆ ಎತ್ತಿ ಹಿಡಿದು, ಮೊದಲನೇ ಮೆಟ್ಟಿಲಿಗೆಂದು ಬಲಗಾಲು ಎತ್ತಿತು. ನಾನು ಯೋಚಿಸದೆ ಒತ್ತಿಬಿಟ್ಟೆ. ಬೆರಳು ಬಟ್ಟೆಗೆ, ಬಟ್ಟೆಯ ಹಿಂದಿನ ಗೋಡೆಗೆ ತಾಗಿ ಅಜ್ಜಿ ತನ್ನಷ್ಟಕ್ಕೆ ನಕ್ಕಿತು.

‘ಗಾರೆ ಕೆಲಸ ಮಾಡ್ದಾಕಿ ನಾನು. ಹತ್ತೋದು ಭಾಳ ಹತ್ತೀನಿ, ತಲಿ ಮ್ಯಾಲೆ ಬುಟ್ಟಿ ಹೊತ್ತು. ಮನಿ ಮುಗಿದ ಮ್ಯಾಲೆ ಮ್ಯಾಲಕ್ ಬಾ ಅಂತ ಯಾರೂ ಅನ್ಲಿಲ್ಲ. ಮ್ಯಾಲೆ ನಿಂತಂಗೆ ಒಂದು ತೆಗಿಯಕ್ಕೆ ಬರ್ತತಾ?’

‘ಬರುತ್ತೆ’ ಎಂದೆ. ಹೇಗೆ ಎಂದು ಆಮೇಲೆ ಯೋಚಿಸಿದೆ. ಪಿಂಚಣಿಯ ಫೋಟೋ ಮುಗಿಸಿ, ಅಜ್ಜಿಯನ್ನು ಮೇಜಿನ ಮೇಲೆ ಹತ್ತಿಸಿ, ನಾನು ನೆಲದ ಮೇಲೆ ಮಲಗಿ ಕೆಳಗಿನಿಂದ ಒಂದು ತೆಗೆದೆ. ಸೊಂಟದ ಮೇಲೆ ಕೈ, ಕೆಳಗೆ ನೋಟ. ತಲೆಯ ಮೇಲೆ ಏನೂ ಇಲ್ಲ.

ಸಾಹೇಬರು ಬೇಡವೆಂದು ತಲೆಯಾಡಿಸಿದರು. ‘ಕತ್ತರಿಸಿ ಅಂಟಿಸ್ಬೇಕು, ತಿದ್ದಬೇಕು, ಮತ್ತೆ ಅದರ ಫೋಟೋ ತೆಗೀಬೇಕು. ಎರಡು ದಿನದ ಕೆಲಸ. ಅಜ್ಜಿ ಒಂದು ಕಾಪಿ ಒಯ್ದು ಸುಮ್ನಾದ್ರೆ ನಿನ್ನ ವರ್ಷ ಹೋಗುತ್ತೆ. ಕಿಟಕೀಗೆ ಯಾರನ್ನಾದ್ರೂ ಕೂರ್ಸು.’

ದೊಡ್ಡಮ್ಮನೂ ಅದನ್ನೇ ಹೇಳಿದಳು. ಇಬ್ಬರೂ ಹೇಳಿದ್ದು ಸರಿ. ನೂರಕ್ಕೆ ನೂರು ಸರಿ.

26 ಮೇ

ಅಂಟು.

27 ಮೇ, ಬುಧವಾರ

ಅಜ್ಜಿಯನ್ನು ಬ್ಲೇಡಿನಿಂದ ಬಿಡಿಸಿ, ಅಂಚನ್ನು ಹಿಂದಿನಿಂದ ಮರಳುಕಾಗದದಲ್ಲಿ ತೆಳ್ಳಗೆ ಮಾಡಿ, ಪರದೆಯ ಫೋಟೋದಲ್ಲಿ ಏಳನೇ ಮೆಟ್ಟಿಲ ಮೇಲೆ ಅಂಟಿಸಿದೆ. ಮೊದಲನೇ ಅಜ್ಜಿ ಮೋಡಕ್ಕೆ ತೇಲಿ ಹೋಯಿತು. ಎರಡನೇ ಅಜ್ಜಿ ಕಟಾಂಜನಕ್ಕಿಂತ ದೊಡ್ಡದಾಯಿತು. ಮೂರನೆಯದು ನಿಂತಿತು. ಆದರೂ ಎಲ್ಲೋ ಸರಿಯಿಲ್ಲ.

‘ಕಾಲ ಕೆಳಗೆ ನೆರಳಿಲ್ಲ ಅವಳಿಗೆ’ ಎಂದರು ಸರ್ವರ್ ಬೀ. ‘ನೆರಳಿಲ್ಲದಿದ್ರೆ ದೆವ್ವ.’ ತಮ್ಮ ಪೆನ್ಸಿಲನ್ನು ನನ್ನ ಕಡೆ ಚಾಚಿದರು. ಅದನ್ನು ಅವರು ಯಾರಿಗೂ ಕೊಡುವುದಿಲ್ಲ ಎಂದು ಸಾಹೇಬರ ಕಣ್ಣು ಅರಳಿದ್ದರಿಂದ ಗೊತ್ತಾಯಿತು.

ಚುಕ್ಕಿ ಚುಕ್ಕಿಯಾಗಿ ನೆರಳು ಹಾಕಿದೆ. ನಾಲ್ಕು ಗಂಟೆ ಬೇಕಾಯಿತು. ನಡುವೆ ಕಿಟಕಿ ಫೋಟೋಕ್ಕೆಂದು ಇಬ್ಬರು ಬಂದು ಕಾದು ಹೋದರಂತೆ; ನನಗೆ ಯಾರೂ ಹೇಳಲಿಲ್ಲ, ಅಥವಾ ಹೇಳಿದ್ದು ಕೇಳಲಿಲ್ಲ. ಊಟ ಮಾಡಿದೆನೇ ಇಲ್ಲವೇ ಎಂಬುದರ ಬಗ್ಗೆ ದೊಡ್ಡಮ್ಮನಿಗೂ ನನಗೂ ಭಿನ್ನಾಭಿಪ್ರಾಯವಿದೆ.

29 ಮೇ, ಶುಕ್ರವಾರ

ಬಳ್ಳಿಗಾವಿಗೆ ಮಧ್ಯಾಹ್ನದ ಬಸ್ಸು. ಪಿಂಚಣಿ ಫೋಟೋ ಒಂದು ಲಕೋಟೆಯಲ್ಲಿ, ಮೆಟ್ಟಿಲಿನದು ಇನ್ನೊಂದರಲ್ಲಿ. ಸಾಹೇಬರೂ ಅಂಗಡಿಗೆ ಬೀಗ ಹಾಕಿಕೊಂಡು ಬಂದರು. ತೀರ್ಪುಗಾರರು ಸ್ಥಳದಲ್ಲೇ ಇರಬೇಕಂತೆ.

ದ್ಯಾಮಮ್ಮ ಬಾಗಿಲಲ್ಲಿ ಕೂತು ಬಾರುಕೋಲಿನಷ್ಟು ಉದ್ದದ ಹುಣಸೆ ಬರಲಿನಿಂದ ಕೋಳಿ ಅಟ್ಟುತ್ತಿತ್ತು. ಫೋಟೋ ತೆಗೆದುಕೊಂಡು ಬಿಸಿಲಿಗೆ ಹಿಡಿಯಿತು. ಬಹಳ ಹೊತ್ತು ನೋಡಿತು. ಕೋಳಿ ಒಳಗೆ ಹೋಗಿದ್ದೂ ಗೊತ್ತಾಗಲಿಲ್ಲ. ಸಾಹೇಬರು ಆಕಾಶ ನೋಡುತ್ತಿದ್ದರು. ನಾನು ಸಾಹೇಬರನ್ನು ನೋಡಲಿಲ್ಲ; ಅಜ್ಜಿಯ ಹೆಬ್ಬೆರಳು ಫೋಟೋದ ಮೇಲೆ ಒಂದೊಂದೇ ಮೆಟ್ಟಿಲು ಹತ್ತುವುದನ್ನು ನೋಡುತ್ತಿದ್ದೆ.

‘ಸುಮಾರಾಗಿ ನಿಂತೀನಿ’ ಎಂದಿತು ಕೊನೆಗೆ. ‘ಇನ್ನೊಂದು ಹಾಕಿ ಕೊಡವ್ವ. ಗೌಡ್ರ ಮನೀಗೆ ಕೊಡ್ತೀನಿ. ಅವರ ಮೆಟ್ಟಿಲಿಗೆ ಗಾರೆ ಹೊತ್ತದ್ದು ನಾನು. ಗ್ವಾಡೀಗೆ ಹಾಕ್ಕಳ್ಳಿ.’

ಸಾಹೇಬರು ಜೇಬಿನಿಂದ ಡೈರಿ ತೆಗೆದು, ಅಲ್ಲೇ ಜಗಲಿಯ ಮೇಲೆ ಕೂತು ಹನ್ನೆರಡನೇ ಗೀಟು ಎಳೆದರು. ‘ಹನ್ನೆರಡು’ ಎಂದು ನನ್ನ ಕಡೆ ನೋಡಿದರು. ನಾನು ಆಗ, ಗೌಡರ ಗೋಡೆಗಾದರೆ ಸ್ವಲ್ಪ ದೊಡ್ಡ ಸೈಜು ಬೇಕಾಗುತ್ತದಲ್ಲ, ಮಲೆನಾಡಿನ ತೇವಕ್ಕೆ ಕಟ್ಟು ಹಾಕಿಸಬೇಕಲ್ಲ ಎಂದು ಯೋಚಿಸುತ್ತಿದ್ದೆ. ಏನು ಹನ್ನೆರಡು ಎಂದು ಕೇಳಿಯೂಬಿಟ್ಟೆನಂತೆ.

31 ಮೇ, ಭಾನುವಾರ, ದಾವಣಗೆರೆ ಬಸ್ಸು

‘ತೃಪ್ತಿಕರ’ ಎಂದು ಬರೆದು, ಮೊಹರು ಒತ್ತಿ ಕೊಟ್ಟಿದ್ದಾರೆ. ‘ಮದುವೆ ಸೀಸನ್ ಮುಂದಿನ ವರ್ಷಾನೂ ಬರ್ತತಿ’ ಎಂದರು ಸಾಹೇಬರು, ನನ್ನ ಕಡೆ ನೋಡದೆ. ಬೆಂಗಳೂರಿನ ಕಂಪನಿಗಳಿಗೆ ಬರೆಯಬೇಕೆಂದು ತಂದಿದ್ದ ಅಂತರ್ದೇಶಿ ಪತ್ರಗಳು ದೊಡ್ಡಮ್ಮನ ಮನೆಯಲ್ಲೇ ಉಳಿದವು. ದೊಡ್ಡಮ್ಮ ಹಾಲಿನ ಲೆಕ್ಕ ಬರೆಯಲು ಬಳಸಿಕೊಳ್ಳಲಿ.

ನಾಳೆ ಮೇಷ್ಟ್ರ ಮುಂದೆ ಹನ್ನೆರಡು ಚಿತ್ರ ಸಾಲಾಗಿ ಇಡುತ್ತೇನೆ. ಮೊದಲನೆಯದು ಅಂಟಿಸಿದ್ದು. ಮೂರ್ಛೆ ಹೋದರೆ ನೀರು ಚಿಮುಕಿಸಲು ಜೊತೆಯವರಿದ್ದಾರೆ.

ಸೀಸನ್ ಮುಗಿಯುವ ಹೊತ್ತಿಗೆ ಸ್ಟುಡಿಯೋದಲ್ಲಿ ದೊಡ್ಡ ಸೈಜಿನ ಪೇಪರು ಖಾಲಿಯಾಗಿತ್ತು. ಹಾಗಾಗಿ ದ್ಯಾಮಮ್ಮನ ನೆಗೆಟಿವ್ ಈ ಪುಟಗಳ ನಡುವೆ ಇದೆ. ಗೌಡರ ಗೋಡೆಯದನ್ನು ಕಾಲೇಜಿನ ಕತ್ತಲೆಕೋಣೆಯಲ್ಲಿ ಮುದ್ರಿಸಬೇಕು. ಬಸ್ಸಿನಲ್ಲಿ ಕೊಡೆ, ಚೀಲ, ಚಪ್ಪಲಿ ಎಲ್ಲವನ್ನೂ ಮರೆತು ಇಳಿದ ಅನುಭವ ನನಗಿದೆ. ಆದ್ದರಿಂದ ಈ ಪುಸ್ತಕ ಸಿಕ್ಕ ಮಹಾನುಭಾವರಲ್ಲಿ ಒಂದು ಕೋರಿಕೆ. ಪುಸ್ತಕ ನೀವೇ ಇಟ್ಟುಕೊಳ್ಳಿ, ಓದಿ, ಹಿಂದಿನ ಖಾಲಿ ಹಾಳೆಯಲ್ಲಿ ಕಿರಾಣಿ ಪಟ್ಟಿ ಬರೆದುಕೊಳ್ಳಿ. ನೆಗೆಟಿವ್ ಮಾತ್ರ ಶಿಕಾರಿಪುರಕ್ಕೆ ಹೋಗುವ ಯಾವುದಾದರೂ ಬಸ್ಸಿನ ಕಂಡಕ್ಟರ ಕೈಗೆ, ಮುಕ್ತಾರ್ ಸಾಹೇಬರ ಸ್ಟುಡಿಯೋ ಅಂತ ಹೇಳಿ ಕೊಡಿ. ಅಂಚು ಹಿಡಿದು ಎತ್ತಿ. ನಡುವೆ ಮುಟ್ಟಿದರೆ ಬೆರಳಿನ ಗುರುತು ಅಜ್ಜಿಯ ಮುಖದ ಮೇಲೆ ಬೀಳುತ್ತದೆ.